ಬೆಳ್ಳಿಗೆ ಬರ ಬಂದಾಗ ಹುಟ್ಟಿದ ರೂಪಾಯಿ

ರಾಯಚೂರು ಬಿಟ್ಟು ಮಕ್ತಲ್ ಕಡೆಗೆ ಹೊರಟ ಬಸ್ಸು ಕೃಷ್ಣೆಯನ್ನು ದಾಟಿದ ಮೇಲೆ ಬೋರ್ಡುಗಳ ಅಕ್ಷರ ಬದಲಾಗುತ್ತದೆ. ಜನರ ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಮಾಗನೂರು ಇರುವುದು ಈ ಹೆದ್ದಾರಿಯ ಮೇಲೆ. ಇಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಜ್ಜನ ಕಾಲದ ಜಮೀನಿನ ಕಾಗದದಲ್ಲಿ ಉರ್ದು. ನಾರಾಯಣಪೇಟೆಯ ಬಜಾರಿಗೆ ಹೋದರೆ ಇದಕ್ಕೆ ಮರಾಠಿಯೂ ಸೇರುತ್ತದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ದಫ್ತರದ ನಡುವೆಯೋ ಪುರಾಣದ ಪುಸ್ತಕದ ಹಾಳೆಗಳ ನಡುವೆಯೋ ಒಮ್ಮೊಮ್ಮೆ ಸಿಗುವ ಕಾಗದದ ರೂಪಾಯಿಯ ಮೇಲೂ ಇದೇ ಭಾಷೆಗಳ ಕೂಟವಿದೆ. ಉರ್ದು ದೊಡ್ಡದಾಗಿ, ಇಂಗ್ಲಿಷ್ ಅದರ ಜೊತೆಗೆ, ಮೌಲ್ಯ ಮಾತ್ರ ತೆಲುಗು, ಮರಾಠಿ, ಕನ್ನಡಗಳಲ್ಲಿ. ಅದು ಹೈದರಾಬಾದ್ ನಿಜಾಮರ ಸರಕಾರದ ನೋಟು, ಉಸ್ಮಾನಿಯಾ ಸಿಕ್ಕಾ.

ಕನ್ನಡಿಗರು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಮೈಸೂರು, ಮುಂಬಯಿ, ಮದರಾಸು, ಕೊಡಗು, ಹೈದರಾಬಾದ್ ಎಂದು ಹಲವು ಆಡಳಿತಗಳಿದ್ದವು. ಅವುಗಳಲ್ಲಿ ತನ್ನದೇ ನೋಟನ್ನು ಚಲಾವಣೆಯಲ್ಲಿಟ್ಟದ್ದು ಹೈದರಾಬಾದ್ ಒಂದೇ. ಮೈಸೂರಿನ ಅರಸರು ಕೋಲಾರದ ಚಿನ್ನದಿಂದ ರಾಜಧನ ಬರುತ್ತಿದ್ದೂ ನೋಟಿನ ವಿಷಯದಲ್ಲಿ ಬ್ರಿಟಿಷರದನ್ನೇ ಎಣಿಸಿದರು. ಹಾಗಾಗಿ ಕನ್ನಡ ಅಕ್ಷರವಿರುವ ‘ದೇಶೀಯ’ ನೋಟು ಬೇಕೆಂದರೆ ಹುಡುಕಬೇಕಾದದ್ದು ಬೆಂಗಳೂರು, ಮೈಸೂರುಗಳಲ್ಲಲ್ಲ, ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳಗಳಲ್ಲಿ ಮತ್ತು ಇಂದು ತೆಲಂಗಾಣಕ್ಕೆ ಸೇರಿದ ಈ ಗಡಿಪಟ್ಟಿಯಲ್ಲಿ.

ಸಂಗ್ರಾಹಕರ ಕಣ್ಣು ಸಾಮಾನ್ಯವಾಗಿ ದೊಡ್ಡ ನೋಟಿನ ಮೇಲೆ. ನಿಜಾಮರ ಸಾವಿರ ರೂಪಾಯಿಯ ನೋಟು ಹರಾಜಿಗೆ ಬಂದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಆದರೆ ಸಾವಿರದ ನೋಟು ಸಾಹುಕಾರನ ತಿಜೋರಿಯಿಂದ ಬ್ಯಾಂಕಿನ ತಿಜೋರಿಗೆ ಓಡಾಡಿದ್ದು. ಅದಕ್ಕೆ ಹೇಳಲು ಹೆಚ್ಚು ಕತೆಯಿಲ್ಲ. ಒಂದು, ಎರಡು, ಐದರ ನೋಟುಗಳು ಹುಟ್ಟುವುದೇ ಬೇರೆ ಕಾರಣಕ್ಕೆ. ಯಾವ ಸರಕಾರವೂ ಖುಷಿಯಿಂದ ಚಿಲ್ಲರೆಯನ್ನು ಕಾಗದದಲ್ಲಿ ಅಚ್ಚು ಹಾಕುವುದಿಲ್ಲ. ಕಾಗದ ಬೇಗ ಹರಿಯುತ್ತದೆ, ಅಚ್ಚಿನ ಖರ್ಚು ಮೌಲ್ಯಕ್ಕೆ ಹತ್ತಿರ ಬರುತ್ತದೆ, ಜನ ನಂಬುವುದೂ ಇಲ್ಲ. ಆದರೂ ಅಚ್ಚು ಹಾಕಿತೆಂದರೆ ಎಲ್ಲೋ ಒಂದು ಲೋಹಕ್ಕೆ ಬರ ಬಂದಿದೆ ಎಂದೇ ಅರ್ಥ. ಚಿಲ್ಲರೆ ನೋಟು ಕೈಗೆ ಬಂದಾಗ ಯಾವ ದೇಶದ್ದು ಎಂಬುದಕ್ಕಿಂತ ಮೊದಲು, ಯಾವ ಲೋಹ ತೀರಿತು, ಯಾಕೆ ತೀರಿತು ಎಂದು ಕೇಳುವುದು ಒಳ್ಳೆಯ ಅಭ್ಯಾಸ. ಗುರುತು ಹಿಡಿಯುವ ಕೆಲಸ ಅರ್ಧ ಅಲ್ಲೇ ಮುಗಿಯುತ್ತದೆ.

ಹೈದರಾಬಾದಿನ ನೋಟು ಹುಟ್ಟಿದ್ದು ಹೀಗೇ. ಸ್ವಂತ ನೋಟು ಹೊರಡಿಸಬೇಕೆಂದು ನಿಜಾಮರ ಸರಕಾರ ಹಿಂದೆಯೇ ಹಲವು ಸಲ ಪ್ರಯತ್ನಿಸಿತ್ತು. ಬ್ರಿಟಿಷರು ಬಿಟ್ಟಿರಲಿಲ್ಲ. ಮೊದಲ ಮಹಾಯುದ್ಧ ಅವರ ಕೈ ಕಟ್ಟಿತು. ಯುದ್ಧದ ಸರಕಿಗೆ ಭಾರತದಲ್ಲಿ ದುಡ್ಡು ಕೊಡಬೇಕು, ದುಡ್ಡೆಂದರೆ ಬೆಳ್ಳಿ ರೂಪಾಯಿ, ಬೆಳ್ಳಿ ಮಾತ್ರ ಸಿಗದು. 1917ರ ಆಗಸ್ಟ್‌ನಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 43 ಪೆನ್ಸ್ ದಾಟಿತು. ಆ ಬೆಲೆಯಲ್ಲಿ ರೂಪಾಯಿಯನ್ನು ಖರ್ಚು ಮಾಡುವುದಕ್ಕಿಂತ ಕರಗಿಸಿ ಮಾರುವುದೇ ಲಾಭ. 1918ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಪಿಟ್‌ಮನ್ ಕಾಯ್ದೆ ಮಾಡಿ, ತನ್ನ ಖಜಾನೆಯ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕಾಗಿ ಮಾರಿತು. ಅಮೆರಿಕದ ಡಾಲರ್ ಕರಗಿ ನಮ್ಮ ಅಜ್ಜಿಯರ ಸೊಂಟದ ಡಾಬಾಗಿ ಕೊನೆಗೊಂಡದ್ದು ಎಷ್ಟೋ.

ಇದರ ನಡುವೆ 1917ರ ನವೆಂಬರ್ 30ರಂದು ಬ್ರಿಟಿಷ್ ಭಾರತದ ಮೊದಲ ಒಂದು ರೂಪಾಯಿ ನೋಟು ಬಂತು. ಐದನೇ ಜಾರ್ಜ್ ಚಿತ್ರದ ಬೆಳ್ಳಿ ನಾಣ್ಯವನ್ನೇ ಕಾಗದದ ಮೇಲೆ ಅಚ್ಚು ಹಾಕಿದ ನೋಟು ಅದು. ನಾಣ್ಯ ಕೊಡಲಾಗದು, ಚಿತ್ರವಾದರೂ ಇರಲಿ ಎಂಬ ಸಮಾಧಾನ. ಮರುವರ್ಷ ಎರಡೂವರೆ ರೂಪಾಯಿಯ ನೋಟು ಬಂತು, ‘2 ರೂಪಾಯಿ 8 ಆಣೆ’ ಎಂದು. ಎರಡನ್ನೂ 1926ರಲ್ಲಿ ನಿಲ್ಲಿಸಿದರು. ಒಂದರ ನೋಟನ್ನು 25ರ ಪುಸ್ತಕವಾಗಿ ಹೊಲಿದು ಕೊಡುತ್ತಿದ್ದರು, ಚೆಕ್ ಹರಿದಂತೆ ಹರಿದು ಕೊಡಬೇಕು. ಆದ್ದರಿಂದ ಎಡ ಅಂಚಿನ ತೂತುಗೆರೆ ಹಾಗೇ ಉಳಿದಿದೆಯೇ, ಯಾರಾದರೂ ಕತ್ತರಿಸಿ ಸಾಫು ಮಾಡಿದ್ದಾರೆಯೇ ಎಂದು ಇಂದಿನ ಸಂಗ್ರಾಹಕ ಮೊದಲು ನೋಡುತ್ತಾನೆ. ಆಮೇಲೆ ಸಹಿ: ಗುಬ್ಬೆ, ಮ್ಯಾಕ್‌ವಾಟರ್ಸ್, ಡೆನ್ನಿಂಗ್. ಮೂವರ ಸಹಿಯಿಂದ ಮೂರು ಬಗೆ.

ಬ್ರಿಟಿಷರೇ ಕಾಗದಕ್ಕೆ ಇಳಿದ ಮೇಲೆ ನಿಜಾಮರನ್ನು ತಡೆಯುವುದು ಹೇಗೆ? ಅದರ ಮೇಲೆ ಯುದ್ಧಕ್ಕೆ ಹೈದರಾಬಾದ್ ಕೊಟ್ಟ ನೆರವಿನ ಋಣ ಬೇರೆ. 1918ರಲ್ಲಿ ಹೈದರಾಬಾದ್ ಕಾಗದದ ಹಣದ ಕಾಯ್ದೆಗೆ ಒಪ್ಪಿಗೆ ಸಿಕ್ಕಿ ಮೊದಲು ಹತ್ತು ಮತ್ತು ನೂರರ ನೋಟುಗಳು ಬಂದವು, 1919ರಲ್ಲಿ ಒಂದು ಮತ್ತು ಐದರವು, ಸಾವಿರದ್ದು 1926ರಲ್ಲಿ. 1919ರ ಒಂದು ರೂಪಾಯಿ ನೋಟು ಈಗ ಅತ್ಯಂತ ಅಪರೂಪ. ಬೆಳ್ಳಿ ಮತ್ತೆ ಸಿಗತೊಡಗಿದ್ದೇ ಜನ ಚಾರ್ಮಿನಾರ್ ಮುದ್ರೆಯ ರೂಪಾಯಿಗೆ ಮರಳಿದರು. ಒಂದರ ನೋಟು ಮತ್ತೆ ಕಾಣಿಸಿಕೊಂಡದ್ದು ಎರಡನೇ ಮಹಾಯುದ್ಧ ಬೆಳ್ಳಿಯನ್ನು ಇನ್ನೊಮ್ಮೆ ನುಂಗಿದಾಗ. ಇಂದು ಹಳೆಯ ಮನೆಗಳಲ್ಲಿ ಸಿಗುವುದು ಬಹುಪಾಲು ಈ ಎರಡನೇ ಸುತ್ತಿನದು.

ನಿಜಾಮರ ರೂಪಾಯಿಯಾದ ಹಾಲಿ ಸಿಕ್ಕಾ ಮತ್ತು ಬ್ರಿಟಿಷರ ರೂಪಾಯಿಯಾದ ಕಲ್ದಾರ್ ಒಂದೇ ಬೆಲೆಯವಾಗಿರಲಿಲ್ಲ. ನೂರು ಕಲ್ದಾರಿಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. ಶಾಲೆಯ ಮಗ್ಗಿಯಲ್ಲಿ ಹೇಳುವುದಾದರೆ ಆರಕ್ಕೆ ಏಳು. ಈ ಲೆಕ್ಕ ದರಬಾರಿನಲ್ಲಿ ಕೂತು ಯಾರೋ ಹೇರಿದ್ದು ಎನಿಸುತ್ತದೆ. ಆದರೆ ನಾಣ್ಯಗಳನ್ನು ತೂಗಿ ನೋಡಿದರೆ ಗುಟ್ಟು ಬೇರೆ. ಕಲ್ದಾರಿನಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ, ಚಾರ್ಮಿನಾರ್ ರೂಪಾಯಿಯಲ್ಲಿ ಸುಮಾರು 9.1. ಭಾಗಿಸಿದರೆ ಏಳಕ್ಕೆ ಆರೇ ಬರುತ್ತದೆ. ಕಾಗದದ ಹಾಲಿ ರೂಪಾಯಿಯ ಒಳಗೆ ಬೆಳ್ಳಿಯ ತುಣುಕೂ ಇರಲಿಲ್ಲ. ಆದರೂ ಅದು ತನ್ನ ಹಿಂದಿದ್ದ ನಾಣ್ಯದ ತೂಕವನ್ನೇ ಹೊತ್ತು ತಿರುಗಿತು.

ಈ ಬೆಲೆಯ ಅಂತರದ ಬಿಸಿ ತಾಗಿದ್ದು ನದಿಯ ದಂಡೆಯ ಊರುಗಳಿಗೆ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಕೃಷ್ಣೆ, ತುಂಗಭದ್ರೆಯರ ನಡುವಿನ ನಡಿಗಡ್ಡೆ. 1956ರವರೆಗೆ ಅವು ರಾಯಚೂರು ಜಿಲ್ಲೆಯಲ್ಲೇ ಇದ್ದವು. ತುಂಗಭದ್ರೆಯ ಆಚೆ ಕರ್ನೂಲು, ಮದರಾಸು ಪ್ರಾಂತ್ಯ. ಈಚೆ ದಡದಲ್ಲಿ ಏಳಾಗಿದ್ದದ್ದು ಆಚೆ ದಡದಲ್ಲಿ ಆರು. ನಡುವೆ ಸರಾಫನ ವಟ್ಟ ಬೇರೆ. ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದವಾದ ಕೆಲವೇ ವಾರಗಳಲ್ಲಿ, 1947ರ ಕೊನೆಗೆ, ಭಾರತದ ಹಣ ತನ್ನ ಸೀಮೆಯಲ್ಲಿ ಚಲಾವಣೆಗೆ ಸಲ್ಲದೆಂದು ನಿಜಾಮ್ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ದಿಲ್ಲಿಯಲ್ಲಿ ಅದು ರಾಜಕೀಯ ಜಗಳ. ಆಲಂಪುರದಿಂದ ಕರ್ನೂಲಿನ ಸಂತೆಗೆ ಹೋಗಿ ಬರುವವನಿಗೆ ಜೇಬಿನ ಜಗಳ.

ಆಮೇಲಿನ ಹತ್ತು ವರ್ಷ ಈ ಭಾಗದ ಜನ ಲೆಕ್ಕ ಕಲಿತದ್ದಕ್ಕೆ ಲೆಕ್ಕವಿಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಗಿ ಸರಕಾರ ಬದಲಾಯಿತು. 1950ರಲ್ಲಿ ಭಾರತದ ರೂಪಾಯಿ ಬಂದು ಹಾಲಿಯ ಜೊತೆಗೇ ಕೆಲಕಾಲ ನಡೆಯಿತು. 1956ರ ನವೆಂಬರ್ 1ಕ್ಕೆ ಗದ್ವಾಲ ರಾಯಚೂರನ್ನು ಬಿಟ್ಟು ಆಂಧ್ರಪ್ರದೇಶದ ಮಹಬೂಬ್‌ನಗರಕ್ಕೆ ಸೇರಿತು. ಐದು ತಿಂಗಳಲ್ಲಿ, 1957ರ ಏಪ್ರಿಲ್ 1ಕ್ಕೆ, ಆಣೆ ಹೋಗಿ ನಯಾ ಪೈಸೆ ಬಂತು. ಹದಿನಾರರ ಮಗ್ಗಿ ಬಾಯಿಪಾಠ ಮಾಡಿದ್ದ ಅಂಗಡಿಯವನು ನೂರಕ್ಕೆ ಒಗ್ಗಿಕೊಳ್ಳಬೇಕು, ಅದೂ ಹೊಸ ರಾಜ್ಯದಲ್ಲಿ.

ಹೈದರಾಬಾದಿನ ಒಂದು ರೂಪಾಯಿ ನೋಟುಗಳನ್ನು ವಿಂಗಡಿಸುವುದು ಸಹಿಯಿಂದ. ಚಿತ್ರ ಬಹುಪಾಲು ಒಂದೇ, ಸಹಿ ಬೇರೆ ಬೇರೆ. ಸಹಿ ಓದಲು ಬಂದರೆ ರಾಜ್ಯದ ಕೊನೆಯ ದಶಕದ ರಾಜಕಾರಣವೇ ತೆರೆದುಕೊಳ್ಳುತ್ತದೆ. ಗುಲಾಂ ಮುಹಮ್ಮದ್ ಸಹಿಯ ನೋಟಿದೆ: ನಿಜಾಮರ ಹಣಕಾಸು ಸಚಿವರಾಗಿದ್ದ ಅವರು ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು, ಆಮೇಲೆ ಗವರ್ನರ್ ಜನರಲ್. ಜಾಹಿದ್ ಹುಸೇನ್ ಸಹಿಯ ನೋಟಿದೆ: ಅವರು ಪಾಕಿಸ್ತಾನದ ಸ್ಟೇಟ್ ಬ್ಯಾಂಕಿನ ಮೊದಲ ಗವರ್ನರ್. ಪಾಕಿಸ್ತಾನದ ಹಣಕಾಸನ್ನು ಕಟ್ಟಿದ ಇಬ್ಬರು ಅದಕ್ಕೂ ಮೊದಲು ಕನ್ನಡ ಅಕ್ಷರವಿರುವ ನೋಟಿಗೆ ಸಹಿ ಹಾಕಿದ್ದರು. ಕೊನೆಗೆ ಬರುವುದು ಡಾ. ಜಿ.ಎಸ್. ಮೇಲ್ಕೋಟೆ. ಸ್ವಾತಂತ್ರ್ಯ ಹೋರಾಟಗಾರರು, ವಿಲೀನದ ನಂತರ ಬೂರ್ಗುಲ ರಾಮಕೃಷ್ಣ ರಾವ್ ಸಂಪುಟದ ಹಣಕಾಸು ಸಚಿವರು. 1957ರ ಚುನಾವಣೆಯಲ್ಲಿ ಅವರು ಲೋಕಸಭೆಗೆ ಆರಿಸಿ ಹೋದದ್ದು ರಾಯಚೂರಿನಿಂದ. ಒಂದೇ ವಿನ್ಯಾಸದ ಕಾಗದದ ಮೇಲೆ ನಿಜಾಮರ ಮಂತ್ರಿ ಮತ್ತು ನಿಜಾಮರ ವಿರುದ್ಧ ನಿಂತವರು, ಇಬ್ಬರೂ ಸಹಿ ಹಾಕಿ ಹೋಗಿದ್ದಾರೆ. ನನಗಂತೂ ಯಾವ ದೊಡ್ಡ ಮೊತ್ತದ ನೋಟಿಗಿಂತ ಇವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಹೆಚ್ಚು ಇಷ್ಟ.

ಈ ನೋಟುಗಳ ಇನ್ನೊಂದು ಕತೆ ಸಮುದ್ರದ ತಳದ್ದು. ನಾಸಿಕದ ಮುದ್ರಣಾಲಯ ನೋಟು ಅಚ್ಚು ಹಾಕತೊಡಗಿದ್ದು 1928ರಲ್ಲಿ. ಅದಕ್ಕೂ ಮೊದಲು ಹೈದರಾಬಾದಿನ ನೋಟುಗಳು ಲಂಡನ್ನಿನ ವಾಟರ್‌ಲೋ ಕಂಪನಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬರಬೇಕಿತ್ತು. 1922ರ ಮೇ 19ರಂದು ಟಿಲ್ಬರಿಯಿಂದ ಮುಂಬಯಿಗೆ ಹೊರಟ ‘ಈಜಿಪ್ಟ್’ ಎಂಬ ಹಡಗು ಮರುದಿನವೇ ಫ್ರಾನ್ಸಿನ ಉಶಾಂ ದ್ವೀಪದ ಬಳಿ ಮಂಜಿನಲ್ಲಿ ‘ಸೇನ್’ ಎಂಬ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಕ್ಕಿ ಬೆಲೆಯ ಚಿನ್ನ, ಬೆಳ್ಳಿ ಇತ್ತು. ಜೊತೆಗೆ ಹೈದರಾಬಾದಿನ ನೋಟುಗಳೂ, ಇನ್ನೂ ಸಹಿ ಬೀಳದವು. ನೂರಿಪ್ಪತ್ತು ಮೀಟರಿಗೂ ಮಿಕ್ಕ ಆಳ. ಇಟಲಿಯ ಒಂದು ಕಂಪನಿ ಅದನ್ನು ಎತ್ತುವ ಸಾಹಸಕ್ಕೆ ಕೈ ಹಾಕಿತು. ಅದರ ಮೊದಲ ಹಡಗು ‘ಆರ್ತಿಲ್ಯೊ’ 1930ರಲ್ಲಿ ಬೇರೊಂದು ಮುಳುಗಿದ ಹಡಗನ್ನು ಸ್ಫೋಟಿಸುವಾಗ ತಾನೇ ಸಿಡಿದು ಹೋಯಿತು. ಎರಡನೇ ಆರ್ತಿಲ್ಯೊ 1932ರಲ್ಲಿ ಚಿನ್ನ ಎತ್ತಿತು. ಚಿನ್ನಕ್ಕಿಂತ ಮೊದಲು ಮೇಲೆ ಬಂದ ವಸ್ತುಗಳಲ್ಲಿ ಹತ್ತು ವರ್ಷ ಉಪ್ಪುನೀರಿನಲ್ಲಿ ನೆನೆದ ಈ ನೋಟುಗಳೂ ಇದ್ದವು. ಚಲಾವಣೆಗೆ ಬಾರದ ಕಾಗದ, ಈಗ ನೆನಪಿನ ಕಾಣಿಕೆಯಾಗಿ ಮಾರಾಟಕ್ಕೆ ಹೋಯಿತು. ಇಂದೂ ಸಹಿಯಿಲ್ಲದ, ಅಂಚು ಸವೆದ ಹೈದರಾಬಾದ್ ನೋಟೊಂದು ಯುರೋಪಿನಲ್ಲಿ ಕಂಡರೆ ಅದು ‘ಈಜಿಪ್ಟ್’ ಹಡಗಿನದಿರಬಹುದೇ ಎಂದು ಮೊದಲು ಪರೀಕ್ಷಿಸುತ್ತಾರೆ.

ನಾಣ್ಯದ ವಿಷಯಕ್ಕೆ ಬಂದರೆ ಈ ಸೀಮೆ ಹಿಂದೆಯೇ ಟಂಕಸಾಲೆಗಳ ಸೀಮೆ. ಗದ್ವಾಲ ಸಂಸ್ಥಾನ ತನ್ನದೇ ರೂಪಾಯಿ ಹೊಡೆಯುತ್ತಿತ್ತು. ನಾರಾಯಣಪೇಟೆಯಲ್ಲಿ ದಿಲ್‌ಶಾದಾಬಾದ್ ಎಂಬ ಹೆಸರು ಹೊತ್ತ ಬೆಳ್ಳಿ ರೂಪಾಯಿ ಬರುತ್ತಿತ್ತು. ದೊರೆಯ ಹೆಸರು ಮಾತ್ರ ಮೊಗಲ್ ಬಾದಶಾಹನದು. ಊರಿನ ಗುರುತು ಸಣ್ಣ ಚಿಹ್ನೆಯಲ್ಲಿ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ನಿಜಾಮರ ದಿವಾನ ಸಾಲಾರ್ ಜಂಗ್ ಇಂಥ ಖಾಸಗಿ ಟಂಕಸಾಲೆಗಳನ್ನು ಮುಚ್ಚಿಸಿ ಹಾಲಿ ಸಿಕ್ಕಾ ಒಂದನ್ನೇ ಉಳಿಸಿದರು. ಸೀರೆಗೆ ಹೆಸರಾದ ಈ ಎರಡು ಊರುಗಳು ಒಂದು ಕಾಲಕ್ಕೆ ರೂಪಾಯಿಗೂ ಹೆಸರಾಗಿದ್ದವು ಎಂಬುದು ಸೀರೆ ಕೊಳ್ಳಲು ಹೋಗುವವರಿಗೆ ತಿಳಿದಿರುವುದಿಲ್ಲ.

ಲೋಹದ ಬರ ಹೈದರಾಬಾದಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಜನ ಬೆಳ್ಳಿಯನ್ನು ಬಚ್ಚಿಟ್ಟಾಗ ಅಲ್ಲಿನ ಸರಕಾರ 1862ರಿಂದ ಐದು, ಹತ್ತು, ಇಪ್ಪತ್ತೈದು, ಐವತ್ತು ಸೆಂಟಿನ ಕಾಗದ ಹೊರಡಿಸಿತು. ಆ ಕಾಗದದ ಉಸ್ತುವಾರಿಯಲ್ಲಿದ್ದ ಸ್ಪೆನ್ಸರ್ ಕ್ಲಾರ್ಕ್ ಎಂಬ ಅಧಿಕಾರಿ ಐದು ಸೆಂಟಿನ ನೋಟಿನಲ್ಲಿ ತನ್ನ ಮುಖವನ್ನೇ ಹಾಕಿಕೊಂಡ. ಸಂಸತ್ತು ಸಿಟ್ಟಿಗೆದ್ದು, ಬದುಕಿರುವವರ ಚಿತ್ರ ಹಣದ ಮೇಲೆ ಬೇಡವೆಂದು 1866ರಲ್ಲಿ ಕಾಯ್ದೆ ಮಾಡಿತು. ನಮ್ಮಲ್ಲಿ ಫ್ಲೆಕ್ಸ್ ಬೋರ್ಡಿಗೆ ಅಂಥದೊಂದು ಕಾಯ್ದೆ ಬಂದರೆ ಎಷ್ಟು ಚೆನ್ನ. ರಷ್ಯಾದಲ್ಲಿ 1915ರಲ್ಲಿ ಅಂಚೆಚೀಟಿಯನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿ, ಇದು ಬೆಳ್ಳಿಯ ಚಿಲ್ಲರೆಗೆ ಸಮ ಎಂದು ಹಿಂದೆ ಬರೆದು ಬಿಟ್ಟರು. ಅದನ್ನು ಅಂಚೆಚೀಟಿಯ ಆಲ್ಬಂನಲ್ಲಿ ಇಡಬೇಕೋ ನೋಟಿನ ಆಲ್ಬಂನಲ್ಲಿ ಇಡಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಜರ್ಮನಿಯಲ್ಲಿ ಒಂದೊಂದು ಊರೂ ತನ್ನ ಚಿಲ್ಲರೆ ಕಾಗದ ತಾನೇ ಅಚ್ಚು ಹಾಕಿಕೊಂಡಿತು.

ಇವೆಲ್ಲದರಲ್ಲಿ ನನ್ನ ಮೆಚ್ಚುಗೆಯದು ನಮ್ಮ ನೆರೆಯ ಸಿಲೋನಿನ 1942ರ ಐದು ಸೆಂಟ್. ಅದು ಒಂದೇ ಕಾಗದ, ನಡುವೆ ಅಂಚೆಚೀಟಿಗೆ ಇರುವಂಥ ತೂತುಗೆರೆ. ಒಂದು ಪಾಲು ಎರಡು ಸೆಂಟ್, ಇನ್ನೊಂದು ಮೂರು ಸೆಂಟ್. ಇಡಿಯಾಗಿ ಕೊಟ್ಟರೆ ಐದು, ಹರಿದರೆ ಚಿಲ್ಲರೆ. ಹರಿಯದೇ ಉಳಿದದ್ದು ಕಡಿಮೆ. ಹರಿಯುವುದಕ್ಕಾಗಿಯೇ ಮಾಡಿದ್ದು ಹರಿಯದೇ ಉ‍ಳಿದರೆ ತಾನೇ ಬೆಲೆ! ಹಾಂಗ್‌ಕಾಂಗಿನ ಒಂದು ಸೆಂಟ್ ನೋಟು ಬಸ್ ಟಿಕೆಟ್ಟಿನಷ್ಟು ಚಿಕ್ಕದು, ಹಿಂಬದಿ ಪೂರಾ ಖಾಲಿ. ಚೀನಾದ 1953ರ ಫೆನ್ ನೋಟುಗಳನ್ನು ಅಕ್ಷರ ಬಾರದವರೂ ಗುರುತಿಸಬಹುದು: ಒಂದಕ್ಕೆ ಲಾರಿ, ಎರಡಕ್ಕೆ ವಿಮಾನ, ಐದಕ್ಕೆ ಹಡಗು. ಜಿಂಬಾಬ್ವೆಯ 2006ರ ಒಂದು ಸೆಂಟ್ ಮಾತ್ರ ನನ್ನ ಲೋಹದ ಸೂತ್ರಕ್ಕೆ ಒಗ್ಗುವುದಿಲ್ಲ. ಅಲ್ಲಿ ಬರ ಬಂದದ್ದು ಲೋಹಕ್ಕಲ್ಲ, ನಂಬಿಕೆಗೆ. ಮೂರು ಸೊನ್ನೆ ಅಳಿಸಿ ಹೊಸದಾಗಿ ಆರಂಭಿಸಿದ ಸರಣಿಯ ಮೊದಲ ಮೆಟ್ಟಿಲು ಅದು. ಮೂರು ವರ್ಷ ತುಂಬುವ ಮೊದಲೇ ಅದೇ ದೇಶ ಲಕ್ಷ ಕೋಟಿಗಳ ನೋಟು ಅಚ್ಚು ಹಾಕುವ ಸ್ಥಿತಿಗೆ ಬಂತು.

ಪಾಲಮೂರಿನ, ಅಂದರೆ ಮಹಬೂಬ್‌ನಗರದ, ಜನ ಕೂಲಿಗೆ ದೇಶಾಂತರ ಹೋಗುವುದು ಹಳೆಯ ಸಂಗತಿ. ಮುಂಬಯಿ, ಬೆಂಗಳೂರು, ಕೊಲ್ಲಿಯ ದೇಶಗಳು. ಹಾಗಾಗಿ ಇಲ್ಲಿನ ಮನೆಗಳಲ್ಲಿ ಪರದೇಶದ ಚಿಲ್ಲರೆ ನೋಟೂ ಇರುತ್ತದೆ. ತಂದವರು ಯಾವುದೆಂದು ಮರೆತಿರುತ್ತಾರೆ, ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಇಂಥ ಒಂದು ಕಟ್ಟನ್ನು ಹರವಿಕೊಂಡು ಕೂತಾಗ ನಿಜಾಮರ ನೋಟು ಓದಿ ಅಭ್ಯಾಸವಾದ ಕಣ್ಣು ತುಂಬ ಸಹಾಯಕ್ಕೆ ಬರುತ್ತದೆ.

ಮೊದಲು ಅಂಕಿ. ಉರ್ದು, ಪಾರಸಿ, ಅರಬ್ಬಿ ಮೂರರಲ್ಲೂ ಅಂಕಿ ಸುಮಾರು ಒಂದೇ. ಬೇರೆಯಾಗುವುದು ಮುಖ್ಯವಾಗಿ ನಾಲ್ಕು, ಐದು, ಆರು. ಅರಬ್ಬಿಯ ಐದು ಪುಟ್ಟ ಉಂಗುರ, ನಮ್ಮ ಸೊನ್ನೆಯ ಹಾಗೆ. ಸೊನ್ನೆ ಬರೀ ಚುಕ್ಕೆ. ಹೊಸಬರು ಐದರ ನೋಟನ್ನು ಸೊನ್ನೆಯೆಂದು ಓದಿ ಕಂಗಾಲಾಗುವುದು ಇಲ್ಲೇ. ಪಾರಸಿ ಮತ್ತು ಉರ್ದುವಿನ ಐದಕ್ಕೆ ಕೆಳಗೆ ಒಂದು ತಗ್ಗು ಇರುತ್ತದೆ. ಆ ಒಂದು ಅಂಕಿಯಿಂದಲೇ ಇರಾನ್ ಯಾವುದು, ಇರಾಕ್ ಯಾವುದು ಎಂದು ಬೇರ್ಪಡಿಸಬಹುದು. ಬರ್ಮಾದ ನೋಟು ಕನ್ನಡಿಗರನ್ನು ಬೇರೆ ರೀತಿಯಲ್ಲಿ ಮೋಸ ಮಾಡುತ್ತದೆ: ದುಂಡಗಿನ ಅಕ್ಷರ ನೋಡಿ ನಮ್ಮದೇ ಇರಬೇಕು ಅನಿಸುತ್ತದೆ, ಸೊನ್ನೆಯೂ ಒಂದೂ ಓದಲೂ ಬರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ.

ಆಮೇಲೆ ವರ್ಷ. ಇಲ್ಲಿ ತಪ್ಪುವವರೇ ಹೆಚ್ಚು. ಉರ್ದು ಅಂಕಿಯಲ್ಲಿ 1340 ಎಂದು ಬರೆದಿದೆ ಎಂದುಕೊಳ್ಳಿ. ಹೈದರಾಬಾದಿನ ಫಸಲಿ ವರ್ಷವಾದರೆ 590 ಕೂಡಬೇಕು, 1930-31 ಆಗುತ್ತದೆ. ಹಿಜರಿಯಾದರೆ 1921-22. ಅಫ್ಘಾನಿಸ್ತಾನದ ಸೌರ ವರ್ಷವಾದರೆ 621 ಕೂಡಿ 1961-62. ಅಂಕಿ ಅದೇ, ನಡುವೆ ನಲವತ್ತು ವರ್ಷದ ಅಂತರ. ಹೈದರಾಬಾದಿನದೇ ನಾಣ್ಯದಲ್ಲಿ ಹಿಜರಿ, ಕಂದಾಯದ ಕಾಗದದಲ್ಲಿ ಫಸಲಿ ಎಂಬುದು ಇನ್ನೊಂದು ಗೋಜಲು. ಭೂಮಿಯ ಹಳೆ ಪಹಣಿ ಓದಿ ಅನುಭವವಿರುವ ಊರಿನ ಹಿರಿಯರಿಗೆ ಫಸಲಿಯ ಲೆಕ್ಕ ನಾಲಿಗೆಯ ತುದಿಯಲ್ಲಿರುತ್ತದೆ. ನಗರದ ವ್ಯಾಪಾರಿಗಳು ಎಷ್ಟೋ ಸಲ ಇದನ್ನೇ ತಪ್ಪಾಗಿ ಬರೆದು ಮಾರುತ್ತಾರೆ. ನೇಪಾಳದ ಹಳೆಯ ನೋಟುಗಳಲ್ಲಿ ಬಹುಪಾಲು ವರ್ಷವೇ ಇರುವುದಿಲ್ಲ. ಅಲ್ಲಿ ರಾಜನ ಮುಖ ನೋಡಬೇಕು: ತ್ರಿಭುವನ, ಮಹೇಂದ್ರ, ಬೀರೇಂದ್ರ, ಜ್ಞಾನೇಂದ್ರ. ರಾಜ ಹೋಗಿ ಎವರೆಸ್ಟ್ ಬಂದಿದ್ದರೆ ಅರಸರ ಅಧಿಕಾರ ಕಳೆದ ಮೇಲಿನದು.

ಕೆಲವೊಮ್ಮೆ ಒಂದೇ ಅಕ್ಷರ ಸಾಕು. ಎರಡನೇ ಮಹಾಯುದ್ಧದಲ್ಲಿ ಜಪಾನಿಗಳು ಗೆದ್ದ ದೇಶಗಳಿಗೆಲ್ಲ ಅಗ್ಗದ ನೋಟು ಅಚ್ಚು ಹಾಕಿದರು. ಚಿಕ್ಕ ಮೊತ್ತದ ನೋಟು ನೋಡಲು ಎಲ್ಲವೂ ಹೆಚ್ಚುಕಡಿಮೆ ಒಂದೇ. ಮೊದಲ ಇಂಗ್ಲಿಷ್ ಅಕ್ಷರ ‘ಬಿ’ ಇದ್ದರೆ ಬರ್ಮಾ, ‘ಎಂ’ ಮಲಯ, ‘ಪಿ’ ಫಿಲಿಪೀನ್ಸ್, ‘ಓ’ ಶಾಂತಸಾಗರದ ದ್ವೀಪಗಳು, ‘ಎಸ್’ ಇಂಡೋನೇಷ್ಯಾ.

ಕೊಲ್ಲಿಯಿಂದ ಬಂದ ಕಟ್ಟಿನಲ್ಲಿ ಒಂದು ರೂಪಾಯಿಯ ಕೆಂಪು ಬಣ್ಣದ ಭಾರತದ ನೋಟು ಸಿಕ್ಕರೆ ಬಣ್ಣ ಇಳಿದಿದೆ ಎಂದು ಎಸೆಯಬೇಡಿ. 1959ರಲ್ಲಿ ಕುವೈತ್, ಬಹರೇನ್, ಕತಾರ್ ಕಡೆಯ ಬಳಕೆಗೆಂದೇ ಭಾರತ ಬೇರೆ ಬಣ್ಣದಲ್ಲಿ ನೋಟು ಹೊರಡಿಸಿತು. ಸಂಖ್ಯೆಯ ಮುಂದೆ ‘ಜೆಡ್’ ಅಕ್ಷರ. ಚಿನ್ನದ ಕಳ್ಳಸಾಗಣೆಗೆ ರೂಪಾಯಿ ಅಲ್ಲಿಗೆ ಹರಿದು, ಅಲ್ಲಿಂದ ರಿಸರ್ವ್ ಬ್ಯಾಂಕಿಗೆ ವಿದೇಶಿ ವಿನಿಮಯ ಕೇಳಲು ಮರಳುವುದನ್ನು ತಡೆಯಲು ಈ ಏರ್ಪಾಡು. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಸ್ವಂತ ದಿನಾರಿಗೆ ಹೋದವು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಉಳಿದ ಬಹುಪಾಲು ಕಡೆಯೂ ಅದಕ್ಕೆ ನೆಲೆ ತಪ್ಪಿತು. ಬಣ್ಣ ಬೇರೆಯಾದರೂ ಭಾಷೆಗಳ ಪಟ್ಟಿ ಹಾಗೇ ಇತ್ತು. ದೋಹಾದ ಚಹಾದಂಗಡಿಯಲ್ಲಿ ಕೈ ಬದಲಾಯಿಸಿದ ನೋಟಿನಲ್ಲಿ ಕನ್ನಡ ಇತ್ತು. 1948ರಲ್ಲಿ ಭಾರತದ ನೋಟಿನ ಮೇಲೆಯೇ ಪಾಕಿಸ್ತಾನ ಸರಕಾರದ ಹೆಸರು ಒತ್ತಿ ಲಾಹೋರ್, ಕರಾಚಿಗಳಿಗೆ ಕಳಿಸಿದಾಗಲೂ ಹೀಗೇ ಆಗಿತ್ತು.

ಗುರುತು ಸಿಕ್ಕ ಮೇಲೆ ಪಟ್ಟಿಗೆ ಸೇರಿಸಬೇಕು. ಪ್ರಪಂಚದ ನೋಟುಗಳಿಗೆ ಕ್ರಮಸಂಖ್ಯೆ ಕೊಟ್ಟವರು ಜರ್ಮನಿಯ ಆಲ್ಬರ್ಟ್ ಪಿಕ್. 1970ರ ದಶಕದಿಂದ ಅಮೆರಿಕದ ಕ್ರಾಸ್ ಪ್ರಕಾಶನ ಅವರ ಸೂಚಿಯನ್ನು ಬೆಳೆಸಿತು. ಇಂದಿಗೂ ಎರಡು ಖಂಡಗಳ ವ್ಯಾಪಾರಿಗಳು ‘ಪಿಕ್ ನಂಬರ್ ಎಷ್ಟು?’ ಎಂದೇ ಮಾತಾಡುತ್ತಾರೆ. ಹೈದರಾಬಾದಿನದಕ್ಕೆ ಸಂಖ್ಯೆಯ ಮುಂದೆ ‘ಎಸ್’ ಇರುತ್ತದೆ, ಸಂಸ್ಥಾನವಾದ್ದರಿಂದ ಅದು ವಿಶೇಷ ಸಂಪುಟದ ಸರಕು. ಭಾರತದ ನೋಟುಗಳಿಗೆ ಕಿಶೋರ್ ಜುಂಜುನ್‌ವಾಲಾ ಮತ್ತು ಬೆಂಗಳೂರಿನ ರಿಜ್ವಾನ್ ರಜಾಕ್ ಸೇರಿ ಮಾಡಿದ ಸೂಚಿ ಇದೆ. ರಜಾಕ್ ಅವರ ಸಂಗ್ರಹ 2020ರಿಂದ ಬೆಂಗಳೂರಿನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಹೈದರಾಬಾದಿನ ಸೈಫಾಬಾದ್ ಟಂಕಸಾಲೆಯಲ್ಲೂ 2022ರಲ್ಲಿ ಒಂದು ವಸ್ತುಸಂಗ್ರಹಾಲಯವಾಯಿತು. ಮಾಗನೂರಿನವರಿಗೆ ಎರಡೂ ಒಂದು ರಾತ್ರಿಯ ಪ್ರಯಾಣದೊಳಗೆ.

ಭಾರತದ ಒಂದು ರೂಪಾಯಿಗೆ ಮಾತ್ರ ಬೇರೆಯದೇ ನಿಯಮ. ಅದು ರಿಸರ್ವ್ ಬ್ಯಾಂಕಿನದಲ್ಲ, ಭಾರತ ಸರಕಾರದ್ದು. ಸಹಿ ಹಣಕಾಸು ಕಾರ್ಯದರ್ಶಿಯದು. ಕಾನೂನಿನ ಕಣ್ಣಿಗೆ ಅದು ನಾಣ್ಯವೇ. ಮನಮೋಹನ್ ಸಿಂಗ್ ಸಹಿ ಒಂದರ ನೋಟಿನಲ್ಲೂ ಇದೆ, ಹತ್ತು, ನೂರರಲ್ಲೂ ಇದೆ, ಮೊದಲನೆಯದು ಕಾರ್ಯದರ್ಶಿಯಾಗಿ, ಎರಡನೆಯದು ಗವರ್ನರಾಗಿ. 1994ರಲ್ಲಿ ನಿಂತ ಒಂದರ ನೋಟು 2015ರಲ್ಲಿ ಮರಳಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯದು: ಅಸ್ಸಾಮಿ, ಬಂಗಾಳಿ, ಗುಜರಾತಿ, ಆಮೇಲೆ ನಾವು.

ನೋಟು ಸಿಕ್ಕ ಕೂಡಲೇ ನಮ್ಮ ಜನ ಮಾಡುವ ಕೆಲಸ ಮೂರು: ಒದ್ದೆ ಬಟ್ಟೆಯಿಂದ ಒರೆಸುವುದು, ಇಸ್ತ್ರಿ ಹಾಕುವುದು, ಲ್ಯಾಮಿನೇಷನ್ ಮಾಡಿಸುವುದು. ಮೂರರಲ್ಲಿ ಯಾವುದನ್ನು ಮಾಡಿದರೂ ನೋಟು ಸಂಗ್ರಹದ ಮಟ್ಟಿಗೆ ಹಾಳಾಯಿತು. ಐದರ ಕೊಳೆ ನೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಬದಲಾಯಿಸಿದ ಕಾಲ ನಮ್ಮ ನೆನಪಿನಲ್ಲೇ ಇದೆ, ಅದರ ಅಭ್ಯಾಸವೋ ಏನೋ. ಸೆಲ್ಲೋಟೇಪ್ ಇನ್ನೂ ಕೆಟ್ಟದು. ಪಿನ್ನಿನ ತೂತು ಇದ್ದರೆ ಬೇಸರ ಬೇಡ. ಬ್ಯಾಂಕುಗಳು ಕಟ್ಟಿಗೆ ಪಿನ್ ಹೊಡೆಯುತ್ತಿದ್ದ ಕಾಲದ ಭಾರತದ ನೋಟಿಗೆ ಆ ತೂತು ಸಹಜವೆಂದು ಸಂಗ್ರಾಹಕರು ಒಪ್ಪಿಕೊಂಡಿದ್ದಾರೆ. ಪಾಲಿಯೆಸ್ಟರ್ ಕೋಶ ಸಿಕ್ಕರೆ ಸರಿ, ಇಲ್ಲದಿದ್ದರೆ ಆಮ್ಲವಿಲ್ಲದ ಬಿಳಿ ಕಾಗದದ ಲಕೋಟೆ ಸಾಕು. ಬರೆಯುವುದೇನಿದ್ದರೂ ಲಕೋಟೆಯ ಮೇಲೆ, ಪೆನ್ಸಿಲ್ಲಿನಿಂದ.

ಏನು ಬರೆಯಬೇಕು ಎಂಬುದರಲ್ಲಿ ನನ್ನ ಮತ್ತು ಸೂಚಿಗಳ ಅಭಿಪ್ರಾಯ ಬೇರೆ. ಪಿಕ್ ಆಗಲಿ ಉಳಿದವರಾಗಲಿ ನೋಟು ಯಾರು ಹೊರಡಿಸಿದರು, ಯಾವಾಗ, ಸಹಿ ಯಾರದು, ಮುದ್ರಕ ಯಾರು, ಸ್ಥಿತಿ ಹೇಗಿದೆ ಎಂದು ಕೇಳುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳುವ ಕಾಲಂ ಇಲ್ಲ. ವ್ಯಾಪಾರಕ್ಕೆ ಅದು ಬೇಡ. ಆದರೆ ಮೇಲ್ಕೋಟೆ ಸಹಿಯ ಒಂದು ರೂಪಾಯಿ ನಾರಾಯಣಪೇಟೆಯ ಮಗ್ಗದವರ ಮನೆಯಲ್ಲಿ ಸಿಕ್ಕಿತೋ, ಗದ್ವಾಲದ ಸಾಹುಕಾರನ ದಫ್ತರದಲ್ಲೋ, ಮಾಗನೂರಿನ ಹೊಲದ ಕಾಗದಗಳ ನಡುವೆಯೋ ಎಂಬುದರಿಂದ ಹಾಲಿ ಸಿಕ್ಕಾ ಹಳ್ಳಿಗಳಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು, ಯಾರು ಅದನ್ನು ಬದಲಾಯಿಸದೇ ಉಳಿಸಿಕೊಂಡರು ಎಂಬುದು ತಿಳಿಯುತ್ತದೆ. ಆದ್ದರಿಂದ ಲಕೋಟೆಯ ಮೇಲೆ ಮೌಲ್ಯ, ಸಹಿ, ಸರಣಿಯ ಅಕ್ಷರ, ಪಿಕ್ ಸಂಖ್ಯೆ ಬರೆದ ಮೇಲೆ ಇನ್ನೆರಡು ಸಾಲಿಗೆ ಜಾಗ ಬಿಡಿ: ಊರು ಮತ್ತು ಮೊಹಲ್ಲಾ, ಜೊತೆಗೆ ಆ ನೋಟಿನೊಂದಿಗೆ ಅದೇ ಕಟ್ಟಿನಲ್ಲಿ ಇನ್ನೇನಿತ್ತು ಎಂಬುದು. ಕಲ್ದಾರ್ ನೋಟೂ ಜೊತೆಗಿದ್ದರೆ ಅದನ್ನು ಅಡಿಗೆರೆ ಹಾಕಿ ಬರೆಯಿರಿ. ಆ ಮನೆಯವರು ನದಿಯ ಆಚೆಯ ಸಂತೆಗೆ ಹೋಗಿಬರುತ್ತಿದ್ದಿರಬಹುದು.